ಬೀದರ ಸೀಮೆಯ ಕ್ರೈಸ್ತ ಮಾಧ್ಯಮಿಕ ಶಾಲೆ

ಬೀದರ ನಗರದಲ್ಲಿ ವಿದ್ಯೆಯ ಮಾತೆತ್ತಿದವರು ಯಾರೇ ಆಗಲಿ, ಮೊದಲು ಮಹಮೂದ್ ಗವಾನನ ಮದರಸದ ಮುಂದೆ ನಿಲ್ಲುವುದು ವಾಡಿಕೆ. ನಾವೂ ಆ ವಾಡಿಕೆಯನ್ನು ಮುರಿಯುವುದಿಲ್ಲ. ಬಹಮನೀ ಸುಲ್ತಾನರ ಮಂತ್ರಿಯಾಗಿದ್ದ ಆ ಪಾರಸೀಕ ಪಂಡಿತನು ೧೪೭೨ರಲ್ಲಿ ಕಟ್ಟಿಸಿದ ವಿದ್ಯಾಮಂದಿರದ ಗೋಡೆಗಳ ಮೇಲೆ ಬಣ್ಣದ ಹೆಂಚಿನ ಚೂರುಗಳು ಇಂದಿಗೂ ಹೊಳೆಯುತ್ತಿವೆ. ಅಲ್ಲಿಯ ಪುಸ್ತಕಭಂಡಾರದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಹೇಳುತ್ತಾರೆ. ಊರು ಮೊಗಲರ ವಶವಾದ ಮೇಲೆ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ಭಾಗವನ್ನು ನೋಡಿದವರಿಗೆ, ಇಲ್ಲಿ ಓದಿದವರು ಯಾರು, ಅವರ ತಂದೆತಾಯಿಗಳು ಯಾರು, ಎಂಬ ಪ್ರಶ್ನೆ ಹುಟ್ಟದೆ ಇರದು. ಕಲ್ಲು ಉತ್ತರ ಹೇಳುವುದಿಲ್ಲ.

ಮದರಸದಿಂದ ಕೋಟೆಯ ಕಡೆಗೆ ಹೋಗುವುದು ಪ್ರವಾಸಿಗಳ ಮಾರ್ಗ. ನಾವು ಈ ಹೊತ್ತು ಆ ಕಡೆ ತಿರುಗದೆ, ಹಳೆಯ ಊರಿನ ಸುತ್ತುಗೋಡೆಯ ಬಾಗಿಲುಗಳಲ್ಲೊಂದಾದ ಮಂಗಲಪೇಟೆ ದರವಾಜೆಯ ಕಡೆಗೆ ನಡೆಯೋಣ. ಬೀದರದಲ್ಲಿ ಮಂಗಲಪೇಟೆಯೆಂದರೆ ಕ್ರೈಸ್ತರ ಪೇಟೆ. ಮೆಥೊಡಿಸ್ಟ್ ಸಭೆಯ ದೇವಾಲಯವೂ, ನಾರ್ಮಾ ಫೆಂಡ್ರಿಕ್ ಎಂಬ ಮಹಿಳೆಯ ಹೆಸರನ್ನು ಹೊತ್ತ ಶಾಲೆಯೂ ಇರುವುದು ಅಲ್ಲಿಯೇ. ಬೀದರದ ಸ್ಮಾರಕಗಳನ್ನು ಕುರಿತು ಗುಲಾಂ ಯಜ್ದಾನಿಯವರು ಬರೆದ ದೊಡ್ಡ ಗ್ರಂಥ ೧೯೪೭ರಲ್ಲಿ ಹೊರಬಂದಿತು. ಸಮಾಧಿ, ಮಸೀದಿ, ಮಹಲುಗಳ ಒಂದೊಂದು ಕಲ್ಲಿಗೂ ಅದರಲ್ಲಿ ಸ್ಥಳವುಂಟು. ಶಾಲೆಯ ಬೆಂಚಿಗೆ ಅಂತಹ ಗ್ರಂಥಕಾರರು ದೊರೆಯುವುದು ಅಪೂರ್ವ. ಅದರಲ್ಲಿಯೂ ನಾವು ಇಂದು ಹೇಳಹೊರಟಿರುವುದು ಪ್ರಾಥಮಿಕ ಶಾಲೆಯ ಕಥೆಯೂ ಅಲ್ಲ, ಕಾಲೇಜಿನ ಕಥೆಯೂ ಅಲ್ಲ. ಇವೆರಡರ ನಡುವೆ ಸಿಕ್ಕಿಕೊಂಡ ಮಿಡಲ್ ಸ್ಕೂಲಿನ ಕಥೆ.

ಈ ನಡುವಣ ತರಗತಿಗಳ ಮಹತ್ತ್ವವನ್ನು ನಮ್ಮಂತಹ ಕಾಲೇಜಿನ ಉಪಾಧ್ಯಾಯರು ಮರೆಯುವುದುಂಟು. ನಮ್ಮ ಕೈಗೆ ಬರುವ ವಿದ್ಯಾರ್ಥಿಗಳು ಆ ಹೊಳೆಯನ್ನು ಆಗಲೇ ದಾಟಿ ಬಂದವರು. ದಾಟಲಾರದೆ ನಿಂತವರನ್ನು ನಾವು ಕಾಣುವುದೇ ಇಲ್ಲ. ಒಕ್ಕಲುತನದ ಸೀಮೆಯಲ್ಲಿ ಆರು ವರುಷದ ಮಗು ಮನೆಯಲ್ಲಿದ್ದರೂ ಒಂದೇ, ಶಾಲೆಯಲ್ಲಿದ್ದರೂ ಒಂದೇ. ಆದರೆ ಹತ್ತು ತುಂಬಿದ ಹುಡುಗನು ದನ ಕಾಯಬಲ್ಲನು, ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಬಲ್ಲನು, ಸಾಲ ಕೊಟ್ಟ ಧಣಿಯ ಮನೆಯಲ್ಲಿ ಜೀತಕ್ಕೆ ನಿಲ್ಲಬಲ್ಲನು. ಹನ್ನೆರಡು ತುಂಬಿದ ಹುಡುಗಿಯ ಮದುವೆಯ ಮಾತು ಮನೆಯಲ್ಲಿ ನಡೆಯತೊಡಗುತ್ತದೆ. ಅಕ್ಷರ ಕಲಿತ ಮಗು ಅಕ್ಷರವನ್ನು ಮರೆಯುವುದೋ, ಅದರಿಂದ ಬದುಕುವುದೋ ಎಂಬುದು ತೀರ್ಮಾನವಾಗುವುದು ಈ ಮೂರು ನಾಲ್ಕು ವರುಷಗಳಲ್ಲಿಯೇ.

ಬೀದರ, ಭಾಲ್ಕಿ, ಔರಾದ ಈ ಮೂರೂ ಊರುಗಳು ೧೯೪೮ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಅಲ್ಲಿ ಶಾಲೆಗಳಿಗೆ ಮೂರು ಮೆಟ್ಟಿಲು: ಕೆಳಗಿನದು ತಹ್ತಾನಿಯಾ, ನಡುವಿನದು ವಸ್ತಾನಿಯಾ, ಮೇಲಿನದು ಫೌಖಾನಿಯಾ. ಹೆಸರುಗಳೇ ಹೇಳುವಂತೆ ವಿದ್ಯಾ ಇಲಾಖೆಯ ಭಾಷೆ ಉರ್ದು. ೧೮೮೪ರಲ್ಲಿ ಪಾರಸಿಯ ಬದಲು ಉರ್ದುವನ್ನು ಆಡಳಿತಭಾಷೆಯನ್ನಾಗಿ ಮಾಡಿದ ಮೇಲೆ ಕಚೇರಿ, ನ್ಯಾಯಾಲಯ, ಶಾಲೆಗಳೆಲ್ಲ ಆ ಜಾಡನ್ನೇ ಹಿಡಿದುವು. ೧೯೧೮ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉಚ್ಚ ವಿದ್ಯೆಯನ್ನು ಉರ್ದುವಿನಲ್ಲಿಯೇ ಬೋಧಿಸಿತು. ಭಾರತೀಯ ಭಾಷೆಯೊಂದರಲ್ಲಿ ವೈದ್ಯವನ್ನೂ ಗಣಿತವನ್ನೂ ಕಲಿಸಬಹುದೆಂದು ತೋರಿಸಿಕೊಟ್ಟ ಆ ಸಾಹಸವನ್ನು ನಾವು ಹೊಗಳದೆ ಇರಲಾರೆವು. ಆದರೆ ಔರಾದಿನ ಕಡೆಯ ಹಳ್ಳಿಯ ಹುಡುಗನಿಗೆ ಇಂಗ್ಲಿಷು ಎಷ್ಟು ದೂರವೋ ಗ್ರಂಥಸ್ಥವಾದ ಉರ್ದುವೂ ಅಷ್ಟೇ ದೂರವಾಗಿದ್ದಿತು. ಅವನ ಮನೆಯ ಮಾತು ಕನ್ನಡ, ಇಲ್ಲವೆ ಮರಾಠಿ. ಪೂರ್ವದ ಅಂಚಿಗೆ ಹೋದರೆ ತೆಲುಗು. ಪೇಟೆಯಲ್ಲಿ ದಖನಿಯನ್ನು ಎಲ್ಲರೂ ಆಡುವರು. ಆದರೆ ಸಂತೆಯಲ್ಲಿ ಚೌಕಾಸಿ ಮಾಡುವ ಭಾಷೆ ಬೇರೆ, ಪರೀಕ್ಷೆಯಲ್ಲಿ ಉತ್ತರ ಬರೆಯುವ ಭಾಷೆ ಬೇರೆ.

ಇಲ್ಲಿ ಒಂದು ಸಣ್ಣ ಮಾತನ್ನು ನೆನೆಯಬಹುದು. ಧಾರವಾಡದ ಕಡೆ ಏಳನೆಯ ಇಯತ್ತೆಯ ಪರೀಕ್ಷೆಗೆ ಮುಲ್ಕಿ ಎಂದು ಹೆಸರು. ಮುಲ್ಕಿ ಪಾಸಾದವನು ಮಾಸ್ತರನಾಗುವನು. ನಿಜಾಮರ ಸೀಮೆಯಲ್ಲಿ ಮುಲ್ಕಿ ಎಂದರೆ ಆ ಸಂಸ್ಥಾನದ ಸ್ವಂತ ಪ್ರಜೆ; ಸರಕಾರದ ನೌಕರಿಗೆ ಮುಲ್ಕಿಯಾಗಿರಬೇಕು. ಒಂದೇ ಶಬ್ದವು ಒಂದು ಕಡೆ ಓದಿದವನ ಗುರುತು, ಇನ್ನೊಂದು ಕಡೆ ಹುಟ್ಟಿದವನ ಗುರುತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರ ಪರಿಣಾಮ ಶಬ್ದಕೋಶದಲ್ಲಿಯೂ ಕಾಣುವುದು.

೧೯೦೧ರ ಜನಗಣತಿಯ ಕಾಲಕ್ಕೆ ಇಡೀ ಸಂಸ್ಥಾನದಲ್ಲಿ ಓದುಬರೆಹ ಬಲ್ಲವರು ನೂರಕ್ಕೆ ಸುಮಾರು ಮೂವರು. ಹಳ್ಳಿಯಲ್ಲಿ ಅಯ್ಯನವರೋ ಪಂತೋಜಿಯೋ ಮಠದ ಕಟ್ಟೆಯಲ್ಲಿ, ಗುಡಿಯ ಪಡಸಾಲೆಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಆದರೆ ಆ ಕಟ್ಟೆಯನ್ನು ಹತ್ತಲು ಹೊಲೆಯರ ಕೇರಿಯ, ಮಾದಿಗರ ಕೇರಿಯ ಮಕ್ಕಳಿಗೆ ಅವಕಾಶವಿರಲಿಲ್ಲ. ಮಿಷನರಿಗಳು ಕಾಲಿಟ್ಟುದು ಆ ಕೇರಿಗಳಲ್ಲಿ. ಇದನ್ನು ನೆನಪಿನಲ್ಲಿಡದೆ ಬೀದರದ ಕ್ರೈಸ್ತ ಶಾಲೆಯ ಇತಿಹಾಸವನ್ನು ತಿಳಿಯುವುದು ಸಾಧ್ಯವಿಲ್ಲ.

ಬೀದರಕ್ಕೆ ಬಂದ ಮಿಷನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯದು. ಆ ಸಭೆಯ ವಿಲಿಯಮ್ ಟೇಲರ್ ಎಂಬ ಉಪದೇಶಕರು ೧೮೭೦ರಲ್ಲಿ ಭಾರತಕ್ಕೆ ಬಂದು, ಮುಂಬಯಿ, ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಹೆಚ್ಚಾಗಿ ಇಂಗ್ಲಿಷು ಬಲ್ಲ ಜನರ ನಡುವೆ ಕೆಲಸ ನಡೆಸಿದರು. ೧೮೭೬ರಲ್ಲಿ ಅವರ ದಕ್ಷಿಣ ಭಾರತ ಕಾನ್ಫರೆನ್ಸು ಏರ್ಪಟ್ಟಿತು. ೧೮೮೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಬಾಲ್ಡ್‌ವಿನ್ ಶಾಲೆಗಳು ಈ ಸಭೆಯವೇ. ಅವು ಯುರೋಪಿಯನರ ಮತ್ತು ಆಂಗ್ಲೋ ಇಂಡಿಯನರ ಮಕ್ಕಳಿಗಾಗಿ ಹುಟ್ಟಿದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದೇ ಸಭೆಯವರು ನಿಜಾಮರ ಸೀಮೆಯ ಒಳನಾಡಿಗೆ, ವಿಕಾರಾಬಾದು, ಬೀದರಗಳಿಗೆ ಬಂದರು. ಬೆಂಗಳೂರಿನಲ್ಲಿ ಶುಲ್ಕ ಕೊಟ್ಟು ಕಲಿಯುವ ಇಂಗ್ಲಿಷ್ ಶಾಲೆ. ಬೀದರದಲ್ಲಿ ಊಟ, ಬಟ್ಟೆ ಕೊಟ್ಟು ಕಲಿಸಬೇಕಾದ ಬೋರ್ಡಿಂಗ್ ಶಾಲೆ. ಒಂದೇ ಸಭೆ, ಎರಡು ಬಗೆಯ ಶಾಲೆ. ಈ ಭೇದವನ್ನು ಶ್ರೋತೃಗಳು ಗಮನದಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವುಂಟು.

ಹೆಣ್ಣುಮಕ್ಕಳ ಶಾಲೆಗಳ ಭಾರವನ್ನು ಹೊತ್ತವರು ಆ ಸಭೆಯ ಸ್ತ್ರೀಯರು. ೧೮೬೯ರಲ್ಲಿ ಬಾಸ್ಟನ್ ನಗರದಲ್ಲಿ ಸ್ಥಾಪಿತವಾದ ಮಹಿಳಾ ವಿದೇಶೀ ಮಿಷನರಿ ಸಂಘವು ಇಸಾಬೆಲಾ ಥೋಬರ್ನ್ ಎಂಬ ಉಪಾಧ್ಯಾಯಿನಿಯನ್ನೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನೂ ಅದೇ ವರುಷ ಭಾರತಕ್ಕೆ ಕಳುಹಿಸಿತು. ಆ ಸಂಘದ ಹಣವು ಲಕ್ಷಾಧೀಶರಿಂದ ಬಂದುದಲ್ಲ. ಒಬ್ಬೊಬ್ಬ ಸದಸ್ಯೆ ವಾರಕ್ಕೆ ಎರಡು ಸೆಂಟು ಎತ್ತಿಡುವುದೆಂಬುದು ಅವರ ಕಟ್ಟಳೆ. ಅಮೆರಿಕದ ಯಾವುದೋ ಹಳ್ಳಿಯ ಗೃಹಿಣಿಯ ಎರಡು ಸೆಂಟು ಸಮುದ್ರ ದಾಟಿ ಬೀದರದ ಬೋರ್ಡಿಂಗಿನಲ್ಲಿ ಒಂದು ರೊಟ್ಟಿಯಾಗುತ್ತಿದ್ದಿತು. ಇದರಲ್ಲಿ ನಮಗೆ ಕಾಣುವುದು ಬರಿಯ ಔದಾರ್ಯವಲ್ಲ. ಹಣ ಕೊಟ್ಟವರು ಫಲವನ್ನೂ ಎಣಿಸುವರು. ಎಷ್ಟು ಮಕ್ಕಳು ಓದಿದರು ಎಂಬುದರ ಪಕ್ಕದಲ್ಲಿಯೇ ಎಷ್ಟು ಜನರು ದೀಕ್ಷೆ ಪಡೆದರು ಎಂಬುದನ್ನೂ ಕೇಳುವರು. ಶಾಲೆಗೆ ಅನ್ನ ಹಾಕಿದ ಕೈಗೆ ತನ್ನದೇ ಒಂದು ಉದ್ದೇಶವಿದ್ದಿತು ಎಂಬುದನ್ನು ಮರೆಮಾಡಿ ಇತಿಹಾಸ ಬರೆಯಲಾಗದು.

ಬೋರ್ಡಿಂಗು ಏಕೆ ಬೇಕಾಯಿತು? ಭೂಪಟವನ್ನು ನೋಡಿದರೆ ತಿಳಿಯುವುದು. ಭಾಲ್ಕಿಯೂ ಔರಾದವೂ ಬೀದರದಿಂದ ಸುಮಾರು ೨೫ ಮೈಲಿ ದೂರ. ಭಾಲ್ಕಿಗಾದರೋ ರೈಲು ಬಂದಿತು. ವಿಕಾರಾಬಾದಿನಿಂದ ಪರಳಿಗೆ ಹೋಗುವ ಮಾರ್ಗವು ಬೀದರ, ಭಾಲ್ಕಿ, ಕಮಲನಗರಗಳನ್ನು ಮುಟ್ಟಿ ಉದಗೀರದ ಕಡೆಗೆ ಸಾಗುತ್ತದೆ. ಔರಾದಿಗೆ ಆ ಭಾಗ್ಯ ಬರಲಿಲ್ಲ. ಅಲ್ಲಿಯವರು ಮಾಂಜ್ರಾ ನದಿಯನ್ನು ದಾಟಿ ಬೀದರಕ್ಕೆ ಬರಬೇಕು. ಕಪ್ಪು ಎರೆಭೂಮಿಯ ಮಳೆಗಾಲದ ದಾರಿ ಎಂತಹುದೆಂಬುದನ್ನು ಬಂಡಿ ಹೂಡಿದವರೇ ಬಲ್ಲರು. ಕೇರಿಯಲ್ಲಿ ಮಿಷನಿನ ಮಾಸ್ತರನು ನಡೆಸುವ ಚಿಕ್ಕ ಶಾಲೆ ಮೊದಲ ಕೆಲವು ತರಗತಿಗಳಿಗೆ ನಿಂತುಹೋಗುವುದು. ಮುಂದೆ ಓದಬೇಕಾದರೆ ನಗರಕ್ಕೆ ಬರಬೇಕು. ಬಂದರೆ ಇಳಿಯಲು ಮನೆ ಬೇಕು. ಮೇಲುಜಾತಿಯ ಹುಡುಗನಿಗೆ ಮಠವುಂಟು, ವಾರಾನ್ನವುಂಟು, ನಂಟರ ಜಗಲಿಯುಂಟು. ಕೇರಿಯ ಹುಡುಗನಿಗೆ ಬೀದರದಲ್ಲಿ ನೀರು ಕುಡಿಯಲು ಬಾವಿ ಯಾವುದು? ಮಿಷನಿನ ಆವರಣದ ಬಾವಿ. ಆದುದರಿಂದ ಮಾಧ್ಯಮಿಕ ವಿದ್ಯೆಯ ಪ್ರಶ್ನೆಯು ಮೊದಲು ಉಪಾಧ್ಯಾಯರ ಪ್ರಶ್ನೆಯಾಗಿರಲಿಲ್ಲ. ಅನ್ನದ, ನೀರಿನ, ಮಲಗುವ ಸ್ಥಳದ ಪ್ರಶ್ನೆಯಾಗಿದ್ದಿತು.

ಈ ಬಗೆಯ ಬೋರ್ಡಿಂಗ್ ಶಾಲೆಗಳಲ್ಲಿ ದಿನಚರಿ ಗಂಟೆಯ ಮೇಲೆ ನಡೆಯುವುದು. ಬೆಳಗಿನ ಪ್ರಾರ್ಥನೆ, ಕಸಗುಡಿಸುವುದು, ನೀರು ಸೇದುವುದು, ಪಾಠ, ಸಂಜೆ ತೋಟದ ಕೆಲಸ, ರಾತ್ರಿ ಲಾಟೀನಿನ ಸುತ್ತ ಓದು. ಹುಡುಗಿಯರು ಜೋಳ ಬೀಸಿ ರೊಟ್ಟಿ ಬಡಿಯುವರು, ಹೊಲಿಗೆ ಕಲಿಯುವರು. ಮಿಡಲ್ ಪರೀಕ್ಷೆ ಮುಗಿಸಿದ ಹುಡುಗಿಯ ಮುಂದೆ ಎರಡು ದಾರಿಗಳಿದ್ದುವು: ಉಪಾಧ್ಯಾಯಿನಿಯಾಗುವುದು, ಇಲ್ಲವೆ ಮಿಷನ್ ಆಸ್ಪತ್ರೆಯಲ್ಲಿ ದಾದಿಯಾಗುವುದು. ಇಂದಿನವರಿಗೆ ಇದು ಸಂಕುಚಿತವೆನಿಸಬಹುದು. ಆದರೆ ಕೇರಿಯಿಂದ ಬಂದ ಹುಡುಗಿಯು ತಿಂಗಳಿಗೊಮ್ಮೆ ತನ್ನ ಸಂಬಳವನ್ನು ತಾನೇ ಎಣಿಸಿಕೊಳ್ಳುವುದೆಂದರೆ, ಆ ಕಾಲದ ಬೀದರದಲ್ಲಿ ಮೇಲುಜಾತಿಯ ಮನೆಯ ಹೆಂಗಸರಿಗೂ ಇಲ್ಲದ ಸ್ಥಿತಿ. ಬೇಸಿಗೆಯ ರಜೆಯಲ್ಲಿ ಊರಿಗೆ ಹಿಂದಿರುಗಿದ ಅವಳು ಪತ್ರ ಓದಿ ಹೇಳುವಳು, ಸಾಹುಕಾರನ ಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡುವಳು. ಸಾಹುಕಾರನಿಗೆ ಇದು ರುಚಿಸುವ ಸಂಗತಿಯಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೋಷಗಳೂ ಉಂಟು. ಬೋರ್ಡಿಂಗಿನ ಮಗುವಿಗೆ ಮನೆಯ ಹಾಡು, ಹಬ್ಬ, ದೇವರು ದೂರವಾದುವು. ಬೈಬಲಿನ ಪಾಠವನ್ನು ಬೇಡವೆನ್ನುವ ಸ್ವಾತಂತ್ರ್ಯ ಅನ್ನಕ್ಕಾಗಿ ಬಂದ ಮಗುವಿಗೆ ಎಷ್ಟರಮಟ್ಟಿಗೆ ಇದ್ದೀತು? ಸರಕಾರದಿಂದ ಮಾನ್ಯತೆ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧರ್ಮೋಪದೇಶಕ್ಕೆ ಕೂರಿಸಕೂಡದೆಂಬ ನಿಯಮವು ೧೯೫೦ರ ಸಂವಿಧಾನದ ೨೮ನೆಯ ಅನುಚ್ಛೇದದಲ್ಲಿ ಬಂದಿತು. ಪರದೇಶದ ಹಣವನ್ನು ನಂಬಿದುದರ ಅಪಾಯವೂ ಬೇಗನೆ ಕಂಡಿತು. ೧೯೨೯ರಲ್ಲಿ ಅಮೆರಿಕದ ಹಣದ ಮಾರುಕಟ್ಟೆ ಕುಸಿದ ಮೇಲೆ ಅಲ್ಲಿಯ ಸಭೆಗಳು ಭಾರತದ ಮಿಷನುಗಳಿಗೆ ಕಳುಹಿಸುತ್ತಿದ್ದ ಮೊತ್ತವನ್ನು ಕಡಿಮೆ ಮಾಡಿದುವು. ನ್ಯೂಯಾರ್ಕಿನಲ್ಲಿ ಬ್ಯಾಂಕು ಮುಚ್ಚಿದರೆ ದಖನಿನಲ್ಲಿ ಒಂದು ತರಗತಿ ಅಲುಗಾಡುವಂತಹ ಏರ್ಪಾಟು ಅದು.

ಇನ್ನು ಕನ್ನಡದ ಮಾತು. ನಿಜಾಮರ ಸರಕಾರವು ೧೯೨೪ರಲ್ಲಿ ಖಾಸಗಿ ಶಾಲೆಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ನಿಯಮವನ್ನು ತಂದಿತು. ದೇಶಭಾಷೆಯ ಶಾಲೆಗಳಿಗೆ ಇದು ದೊಡ್ಡ ಪೆಟ್ಟು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯಲ್ಲಿ ಮನೆಮಾತು. ಆಗ ಔರಾದ ಸೀಮೆಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ನೂರು ವರುಷಗಳನ್ನು ಮೀರಿ ಬಾಳಿ, ೧೯೯೯ರಲ್ಲಿ ಲಿಂಗೈಕ್ಯರಾದ ಆ ಮಹನೀಯರಿಗೆ ಕನ್ನಡಿಗರು ಸಲ್ಲಿಸುವ ಗೌರವ ಉಚಿತವಾದುದು. ಆದರೆ ಅದೇ ಹೊತ್ತಿನಲ್ಲಿ ಅದೇ ಸೀಮೆಯ ಕೇರಿಗಳ ಚಿಕ್ಕ ದೇವಾಲಯಗಳಲ್ಲಿ ಭಾನುವಾರ ಭಾನುವಾರ ಕನ್ನಡದ ಗ್ರಂಥವೊಂದು ಗಟ್ಟಿಯಾಗಿ ಓದಲ್ಪಡುತ್ತಿದ್ದಿತು ಎಂಬುದನ್ನು ನಮ್ಮ ಏಕೀಕರಣದ ಚರಿತ್ರಕಾರರು ನೆನೆಯುವುದು ಕಡಿಮೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ೧೮೩೧ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿದ್ದಿತು. ಜನರ ಮಾತಿನಲ್ಲಿಯೇ ಗ್ರಂಥವನ್ನು ಓದಿಸಬೇಕೆಂಬುದು ಪ್ರಾಟೆಸ್ಟಂಟರ ಸಿದ್ಧಾಂತ. ಕನ್ನಡದ ಅಭಿಮಾನ ಅವರಿಗೆ ಇದ್ದಿತೋ ಇಲ್ಲವೋ, ಸಿದ್ಧಾಂತದ ಬಲದಿಂದಲೇ ಕನ್ನಡಕ್ಕೆ ಆಸರೆ ದೊರೆಯಿತು. ಮಠವೂ ಮಿಷನೂ ಒಂದನ್ನೊಂದು ಅನುಮಾನದಿಂದ ನೋಡಿರಬಹುದು. ಅಕ್ಷರಮಾಲೆ ಎರಡು ಕಡೆಗೂ ಒಂದೇ.

ಕಾಲ ಬದಲಾದ ಬಗೆಯನ್ನು ತಿಳಿಯಲು, ೧೯೪೬ರಲ್ಲಿ ಔರಾದಿನ ಕಡೆಯ ಹಳ್ಳಿಯಿಂದ ಬೀದರದ ಬೋರ್ಡಿಂಗಿಗೆ ಬಂದ ಹತ್ತು ವರುಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಂದಾಗ ಅವನು ನಿಜಾಮರ ಪ್ರಜೆ. ಮುಂದಿನ ಜೀವನಕ್ಕೆ ಉರ್ದುವೇ ಗತಿಯೆಂದು ಎಲ್ಲರೂ ಅವನಿಗೆ ಹೇಳುವರು. ಎರಡು ವರುಷ ಕಳೆಯುವುದರೊಳಗೆ ರಜಾಕಾರರ ಹಾವಳಿ. ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರ ವರೆಗೆ ಭಾರತದ ಸೈನ್ಯದ ಕಾರ್ಯಾಚರಣೆ ನಡೆದು ಸಂಸ್ಥಾನವು ಒಕ್ಕೂಟಕ್ಕೆ ಸೇರಿತು. ಅದರ ಬೆನ್ನಿಗೇ ಬಂದ ಪ್ರತೀಕಾರದ ದಿನಗಳಲ್ಲಿ ಬೀದರ ಜಿಲ್ಲೆಯ ಮುಸಲ್ಮಾನರೂ ಬಹಳ ನೊಂದರು. ಪಂಡಿತ ಸುಂದರಲಾಲರ ಸಮಿತಿಯು ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿದೆ. ನಮ್ಮ ಹುಡುಗನು ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಉರ್ದುವಿನ ಪ್ರಾಬಲ್ಯ ಕುಗ್ಗಿ, ದೇಶಭಾಷೆಗಳು ತರಗತಿಗೆ ಬರತೊಡಗಿದ್ದುವು. ೧೯೫೬ರ ನವೆಂಬರ್ ೧ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅವನಿಗೆ ಇಪ್ಪತ್ತು ವರುಷ. ಹಳೆಯ ಜಿಲ್ಲೆಯ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯದ ಪಾಲಾದುವು, ಜಹೀರಾಬಾದು ಆಂಧ್ರದ ಪಾಲಾಯಿತು. ಅವನು ಉಪಾಧ್ಯಾಯನಾಗಿದ್ದರೆ, ಉರ್ದುವಿನಲ್ಲಿ ಕಲಿತ ಗಣಿತವನ್ನು ಕನ್ನಡದಲ್ಲಿ ಕಲಿಸಬೇಕು. ತ್ರಿಭುಜವನ್ನು ಮುಸಲ್ಲಸ್ ಎಂದು ಕಲಿತವನು ಅದನ್ನು ತ್ರಿಕೋನವೆಂದು ಹೇಳಬೇಕು. ಈ ಭಾಷಾಂತರದ ಕಷ್ಟವನ್ನು ಮೌನವಾಗಿ ಹೊತ್ತ ಒಂದು ತಲೆಮಾರಿನ ಮಾಸ್ತರರಿಗೆ ನಾವು ಯಾವ ಸನ್ಮಾನವನ್ನೂ ಮಾಡಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸರಕಾರವೇ ಹಳ್ಳಿಹಳ್ಳಿಗೆ ಶಾಲೆಯನ್ನು ತೆರೆಯಿತು. ಐದರಿಂದ ಏಳನೆಯ ತರಗತಿಯ ವರೆಗಿನ ಓದಿಗೆ ಹಿರಿಯ ಪ್ರಾಥಮಿಕವೆಂದು ಹೆಸರಾಯಿತು. ೧೯೮೧ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾಯಿತು. ೨೦೧೧ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಸಾಕ್ಷರರು ನೂರಕ್ಕೆ ಎಪ್ಪತ್ತು. ಮೂರರಿಂದ ಎಪ್ಪತ್ತಕ್ಕೆ ಬಂದುದು ಸಣ್ಣ ಪ್ರಯಾಣವಲ್ಲ. ಆದರೆ ಈ ನಡುವೆ ಕ್ರೈಸ್ತ ಶಾಲೆಯೆಂಬ ಶಬ್ದದ ಅರ್ಥವೇ ಜನರ ಬಾಯಲ್ಲಿ ಬದಲಾಯಿತು. ಇಂದು ಬೀದರದ ವರ್ತಕನೋ ಭಾಲ್ಕಿಯ ಗುಮಾಸ್ತನೋ ಮಗನನ್ನು ಕ್ರೈಸ್ತ ಸಂತರ ಹೆಸರಿನ ಖಾಸಗಿ ಶಾಲೆಗೆ ಸೇರಿಸಬೇಕೆಂದರೆ, ಅವನ ಮನಸ್ಸಿನಲ್ಲಿರುವುದು ಇಂಗ್ಲಿಷು, ಶಿಸ್ತು, ಸಮವಸ್ತ್ರ, ಮತ್ತು ಶುಲ್ಕ. ಅಂದರೆ ಬೆಂಗಳೂರಿನ ಆ ಮೊದಲನೆಯ ಬಗೆಯ ಶಾಲೆ ಬೀದರಕ್ಕೆ ಬಂದಿದೆ. ಅನ್ನ ಹಾಕಿ ಕಲಿಸಿದ ಎರಡನೆಯ ಬಗೆಯದು ಮಸಕಾಗಿದೆ. ಶುಲ್ಕದ ಶಾಲೆಯನ್ನು ನಾವು ನಿಂದಿಸುತ್ತಿಲ್ಲ. ಪರದೇಶದ ಹಣ ನಿಂತ ಮೇಲೆ ಉಪಾಧ್ಯಾಯರ ಸಂಬಳ ಎಲ್ಲಿಂದಲಾದರೂ ಬರಬೇಕಷ್ಟೆ. ಆದರೂ ಕೇರಿಯ ಮಗು ಆ ಬಾಗಿಲಲ್ಲಿ ಇಂದು ಯಾರ ಬಲದಿಂದ ನಿಲ್ಲಬೇಕು ಎಂದು ಕೇಳುವುದು ನಮ್ಮ ಕರ್ತವ್ಯ.

ನ್ಯಾಯಾಲಯಗಳೂ ಈ ಬಾಗಿಲಿಗೆ ಬಂದಿವೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಉಚಿತ ವಿದ್ಯೆಯನ್ನು ವಿಧಿಸಿ, ಖಾಸಗಿ ಶಾಲೆಗಳು ಮೊದಲನೆಯ ತರಗತಿಯ ನಾಲ್ಕರಲ್ಲೊಂದು ಪಾಲನ್ನು ಬಡವರಿಗೆ ಬಿಡಬೇಕೆಂದಿತು. ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ೩೦ನೆಯ ಅನುಚ್ಛೇದದ ರಕ್ಷಣೆಯಿರುವ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. ಅದೇ ದಿನವೇ ಇನ್ನೊಂದು ತೀರ್ಪಿನಲ್ಲಿ, ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕರ್ನಾಟಕ ಸರಕಾರ ಬಲವಂತಪಡಿಸಲಾಗದೆಂದು ಹೇಳಿತು. ಬೀದರದ ಕ್ರೈಸ್ತ ಶಾಲೆಯ ಎರಡು ಹಳೆಯ ಪ್ರಶ್ನೆಗಳು, ಬಡವನ ಸ್ಥಳ ಮತ್ತು ಕನ್ನಡದ ಸ್ಥಳ, ಒಂದೇ ದಿನ ದಿಲ್ಲಿಯಲ್ಲಿ ತೀರ್ಮಾನವಾದುವೆಂದು ಹೇಳಬಹುದು. ಅಲ್ಪಸಂಖ್ಯಾತರ ಶಾಲೆಗಳ ವಿಷಯದ ತೀರ್ಪನ್ನು ದೊಡ್ಡ ಪೀಠವು ಮತ್ತೆ ಪರಿಶೀಲಿಸಬೇಕೆಂದು ೨೦೨೫ರಲ್ಲಿ ಇಬ್ಬರು ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಶಾಲೆಯ ಪ್ರವೇಶದ ಅರ್ಜಿಯಲ್ಲಿಯೇ ಇದೆ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸೌಕರ್ಯವು ಹಿಂದೂಗಳಿಗೆ ಮಾತ್ರ. ಮುಂದೆ ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಿಗೆ ಅದು ದೊರೆಯಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಮೊದಲನೆಯ ಪ್ರವರ್ಗದಲ್ಲಿ ಎಣಿಸುತ್ತಾರೆ. ೨೦೦೭ರಲ್ಲಿ ರಂಗನಾಥ ಮಿಶ್ರರ ಆಯೋಗವು ಜಾತಿಗೂ ಧರ್ಮಕ್ಕೂ ಹಾಕಿದ ಈ ಗಂಟನ್ನು ಬಿಚ್ಚಬೇಕೆಂದಿತು. ೨೦೨೨ರಲ್ಲಿ ಬಾಲಕೃಷ್ಣನ್ ಆಯೋಗವನ್ನು ಇದೇ ವಿಷಯಕ್ಕಾಗಿ ನೇಮಿಸಲಾಯಿತು. ಅಜ್ಜನು ಕೇರಿಯಿಂದ ಶಾಲೆಗೆ ಬಂದುದು ಸಭೆಯ ಮೂಲಕ. ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಧರ್ಮದ ಅಂಕಣವನ್ನು ತುಂಬುವಾಗ ಅದೇ ಸಭೆಯ ಹೆಸರು ಪೆನ್ನನ್ನು ತಡೆಯುವುದು. ಹಳ್ಳಿಯ ಬಾವಿಕಟ್ಟೆಯಾದರೋ ಅವಳ ಧರ್ಮವನ್ನು ಕೇಳುವುದಿಲ್ಲ. ಅವಳು ಯಾವ ಕೇರಿಯವಳೆಂಬುದನ್ನೇ ಕೇಳುವುದು.

ಹಳೆಯ ಶಾಲೆ ಎಲ್ಲಿಯೇ ಇರಲಿ, ಅದಕ್ಕೊಂದು ದಾಖಲಾತಿಯ ಪುಸ್ತಕವಿರುವುದು: ಮಗುವಿನ ಹೆಸರು, ತಂದೆಯ ಕಸುಬು, ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಮಂಗಲಪೇಟೆಯಂತಹ ಕಡೆ ಈ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮೊದಲು ಯಾರಾದರೂ ತರುಣ ವಿದ್ವಾಂಸರು ಅವನ್ನು ಹುಡುಕಿ ನಕಲು ಮಾಡಿಕೊಳ್ಳಬೇಕೆಂದು ನಮ್ಮ ಬಿನ್ನಹ. ಬಿಟ್ಟ ಕಾರಣದ ಅಂಕಣವನ್ನು ಮೊದಲು ಓದಲಿ. ಉರ್ದು, ಇಂಗ್ಲಿಷು, ಕನ್ನಡ ಮೂರು ಲಿಪಿಗಳನ್ನೂ ಬಲ್ಲ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಅಂತಹವರ ಸಂಖ್ಯೆ ಬೀದರದಲ್ಲಿ ವರುಷ ವರುಷಕ್ಕೂ ಕಡಿಮೆಯಾಗುತ್ತಿದೆ.